ಟವೆಲ್ ಹಾಕಿದ ಜಾಗ

ಒಬ್ಬನಿಗೆ ನಿದ್ದೆ ಬರುತ್ತದೆಂಬುದು ಅವನಿಗಿಂತ ಮೊದಲೇ ಇನ್ನೊಂದಕ್ಕೆ ಗೊತ್ತಾಗುವ ಕಾಲ ಬಂದು ಆಗಲೇ ಮೂರು ವರ್ಷವಾಗಿತ್ತು. ಗೊತ್ತಾಗುತ್ತಿದ್ದುದು ಒಂದು ಬಿಲ್ಲೆಗೆ. ಅಂಗಿಯ ಗುಂಡಿಯಷ್ಟು ಅಗಲ, ಉಗುರಿನಷ್ಟು ತೆಳು. ಲಾರಿ ಓಡಿಸುವವರು ಅದನ್ನು ಬಲಗಿವಿಯ ಹಿಂದೆ ಅಂಟಿಸಿಕೊಳ್ಳಬೇಕು, ಇಲ್ಲದಿದ್ದರೆ ಎಂಜಿನ್ನೇ ಶುರುವಾಗುವುದಿಲ್ಲ. ನಿದ್ದೆಗೆ ಜಾರುವ ಎಷ್ಟೋ ಹೊತ್ತು ಮೊದಲೇ ಮಿದುಳಿನ ಲಯ ಬದಲಾಗುತ್ತದಂತೆ. ಕಣ್ಣಿಗಾಗಲಿ ಮೈಗಾಗಲಿ ಅದು ತಿಳಿಯುವುದಿಲ್ಲ. ಬಿಲ್ಲೆಗೆ ಮಾತ್ರ ನಲವತ್ತು ನಿಮಿಷ ಮುಂಚೆಯೇ ತಿಳಿಯುತ್ತದೆ. ತಿಳಿದ ಕೂಡಲೇ ಚಾಲಕನ ಎದುರಿನ ದೀಪ ಕೆಂಪಾಗುತ್ತದೆ, ಲಾರಿಯ ವೇಗ ತಾನಾಗಿ ಮೂವತ್ತಕ್ಕೆ ಇಳಿಯುತ್ತದೆ. ಆ ನಲವತ್ತು ನಿಮಿಷದೊಳಗೆ ಎಲ್ಲಾದರೂ ನಿಲ್ಲಿಸಿ ಒಂದು ಗಂಟೆ ಮಲಗಬೇಕು. ಮಲಗದಿದ್ದರೆ ಎಂಜಿನ್ ಬಂದ್. ಎಲ್ಲಿದ್ದರೆ ಅಲ್ಲೇ. ಕೈಮುಗಿದರೂ ಇಲ್ಲ, ಕಾಲು ಹಿಡಿದರೂ ಇಲ್ಲ.

ಒಳ್ಳೆಯ ಯಂತ್ರವೇ, ಸುಳ್ಳು ಹೇಳಬಾರದು. ತೂಕಡಿಸಿ ಲಾರಿ ಮಗುಚಿ ಸಾಯುತ್ತಿದ್ದವರ ಸಂಖ್ಯೆ ಮೂರೇ ವರ್ಷದಲ್ಲಿ ಬೆರಳೆಣಿಕೆಗೆ ಇಳಿದಿತ್ತು. ಆದರೆ ಇದನ್ನು ಕಂಡುಹಿಡಿದ ಮಹಾನುಭಾವರು ಒಂದೇ ಒಂದು ವಿಷಯ ಮರೆತಿದ್ದರು. ಬಿಲ್ಲೆ ಹಾಕಿಕೊಳ್ಳಬೇಕೆಂದು ಕಾನೂನು ಬಂತು, ಲಾರಿ ನಿಲ್ಲಿಸಲು ಜಾಗ ಬರಲಿಲ್ಲ. ಹೆದ್ದಾರಿಯಲ್ಲಿ ಹರಿಯುವ ಸಾವಿರಾರು ಲಾರಿಗೆ ಅಲ್ಲೊಂದು ಇಲ್ಲೊಂದು ತಂಗುದಾಣ. ಮಿಕ್ಕವರು ಎಲ್ಲಿ ಮಲಗಬೇಕು ಎಂದು ಕೇಳಿದರೆ ಮೇಲಿನವರು ಪರಿಶೀಲನೆಯಲ್ಲಿದೆ ಎನ್ನುತ್ತಿದ್ದರು.

ಈ ಬಿಲ್ಲೆಗಳ ಸುದ್ದಿಯೆಲ್ಲ ಬಂದು ಸೇರುವುದು ಚಿತ್ರದುರ್ಗದ ಹೊರಗಿದ್ದ ಒಂದು ನಿಯಂತ್ರಣ ಕೊಠಡಿಗೆ. ಸೂರಮ್ಮ ಅಲ್ಲಿ ಮೂರನೇ ಮೇಜಿನವಳು. ಮೊಳಕಾಲ್ಮುರು ಕಡೆಯ ಹೆಂಗಸು, ಮೂವತ್ತನಾಲ್ಕು ವಯಸ್ಸು, ದನಿ ಮೆದು, ನೆನಪು ಗಟ್ಟಿ. ಅವಳ ಪಾಲಿಗೆ ಬಂದಿದ್ದು ಕರೆಕಲ್ಲು ತಂಗುದಾಣ. ಎಪ್ಪತ್ತೊಂದು ಲಾರಿಗೆ ಜಾಗ, ಪ್ರತಿ ಜಾಗಕ್ಕೂ ಒಂದು ಕಂಬ, ಪರದೆಯ ಮೇಲೆ ಎಪ್ಪತ್ತೊಂದು ಚೌಕ. ಖಾಲಿಯಿದ್ದರೆ ಬಿಳಿ, ಭರ್ತಿಯಾದರೆ ಕಪ್ಪು. ಕೆಂಪಾದ ಚಾಲಕರು ಸರದಿಯಲ್ಲಿ ನಿಲ್ಲುತ್ತಾರೆ, ಬಿಳಿ ಚೌಕ ಕಂಡಂತೆ ಯಂತ್ರ ಹಂಚುತ್ತದೆ. ಯಾರಿಗಾದರೂ ಜಾಗ ಸಿಗದಿದ್ದಾಗ ಸಮಾಧಾನ ಹೇಳುವ ಕೆಲಸ ಮಾತ್ರ ಸೂರಮ್ಮನದು. ಅದನ್ನು ಯಂತ್ರಕ್ಕೆ ಕಲಿಸಲು ಇನ್ನೂ ಯಾರಿಂದಲೂ ಆಗಿರಲಿಲ್ಲ.

ಕರೆಕಲ್ಲು ದಾಟಿದರೆ ಗೋಡೆರಸ್ತೆ. ರಸ್ತೆ ಅಗಲ ಮಾಡುತ್ತೇವೆಂದು ಒಂಬತ್ತು ಕಿಲೋಮೀಟರ್ ಉದ್ದಕ್ಕೆ ಎರಡೂ ಪಕ್ಕ ಕಾಂಕ್ರೀಟ್ ಗೋಡೆ ಎಬ್ಬಿಸಿ ಕೆಲಸ ಅಲ್ಲಿಗೇ ಬಿಟ್ಟಿದ್ದರು. ಚಾಲಕರೇ ಇಟ್ಟ ಹೆಸರು ಅದು. ಅದರೊಳಗೆ ಲಾರಿ ನಿಂತರೆ ಪಕ್ಕಕ್ಕೆ ಸರಿಯಲು ಒಂದು ಮೊಳ ಜಾಗವಿಲ್ಲ, ಹಿಂದಿನಿಂದ ಬರುವವನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅದರಾಚೆಯ ತಂಗುದಾಣಕ್ಕೆ ಮೂವತ್ತನಾಲ್ಕು ಕಿಲೋಮೀಟರ್.

ನಲವತ್ತು ದಿನದ ಹಿಂದೆ ಹತ್ತಿಬೀಜ ತುಂಬಿದ ಲಾರಿಯ ಚಾಲಕನೊಬ್ಬ ಸೂರಮ್ಮನಲ್ಲಿ ಜಾಗ ಕೇಳಿದ್ದ. ಪರದೆಯ ತುಂಬ ಕಪ್ಪು. ಭರ್ತಿಯಾಗಿದೆ ಎಂದಳು. ಸರಿ ಬಿಡಿ ಮೇಡಂ ಎಂದು ಅವನು ಮುಂದೆ ಹೋದ. ಗೋಡೆರಸ್ತೆಯ ನಡುವೆ ಎಂಜಿನ್ ನಿಂತಿತು, ಆರು ನಿಮಿಷದ ಮೇಲೆ ಹಿಂದಿನಿಂದ ಕಬ್ಬಿಣದ ಸರಳು ಹೇರಿದ ಲಾರಿ ಬಂದು ಗುದ್ದಿತು. ಕಾನೂನು ಹೇಳಿದಂತೆ ಅವನು ಸೀಟಿನಲ್ಲೇ ಮಲಗಿದ್ದನಂತೆ. ದಾಖಲೆಯಲ್ಲಿ ಅದು ನಿದ್ದೆಯ ಸಾವು ಎಂದು ಬರಲಿಲ್ಲ. ನಿಂತ ವಾಹನಕ್ಕೆ ಡಿಕ್ಕಿ ಎಂದು ಬಂತು. ಬಿಲ್ಲೆಯ ಅಂಕಿ ಅಂಶಕ್ಕೆ ಒಂದು ಚುಕ್ಕೆಯೂ ಬೀಳಲಿಲ್ಲ.

ಅಂದಿನಿಂದ ಸೂರಮ್ಮನಿಗೆ ಊಟ ರುಚಿಸುತ್ತಿರಲಿಲ್ಲ. ಅದಕ್ಕೆ ಎಲ್ಲರಿಗೂ ಗೊತ್ತಿದ್ದ ಕಾರಣ ಒಂದು, ಅವಳಿಗೊಬ್ಬಳಿಗೇ ಗೊತ್ತಿದ್ದ ಕಾರಣ ಇನ್ನೊಂದು.

ಅವಳ ಗಂಡ ಬೋಸಯ್ಯನೂ ಲಾರಿ ಚಾಲಕ. ಹದಿನಾರು ವರ್ಷದಿಂದ ಅದೇ ರಸ್ತೆ. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಅವನು ತಾನಾಗಿಯೇ ಬಾಯಿಬಿಟ್ಟಿದ್ದ. ಕರೆಕಲ್ಲಿನಲ್ಲಿ ತನಗೆ ಜಾಗದ ಚಿಂತೆ ಇಲ್ಲವೆಂದೂ, ನಲವತ್ತೊಂದನೇ ಕಂಬಕ್ಕೆ ಟವೆಲ್ ಹಾಕಿಸಿ ಇಟ್ಟಿರುತ್ತೇನೆಂದೂ ಹೇಳಿ ನಕ್ಕಿದ್ದ.

ಟವೆಲ್ ಹಾಕುವುದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ಇನ್ನೂ ನಿಲ್ದಾಣದೊಳಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರ ಮಕ್ಕಳು ಮೊಮ್ಮಕ್ಕಳು ಇವರು. ಸರ್ಕಾರದವರು ನೆಲದಡಿ ತೂಕದ ಯಂತ್ರ ಹೂಳುವುದು ಯಾಕೆ ಎಂದು ಕಂಬಗಳಿಗೆ ಬಿಲ್ಲೆಯನ್ನು ಗುರುತಿಸುವುದನ್ನಷ್ಟೇ ಕಲಿಸಿದ್ದರು. ಹತ್ತಿರದಲ್ಲಿ ಬೆಚ್ಚಗಿರುವ ಬಿಲ್ಲೆ ಇದ್ದರೆ ಅಲ್ಲೊಬ್ಬ ಮಲಗಿದ್ದಾನೆ ಎಂದು ಕಂಬದ ತೀರ್ಮಾನ. ಹಳೆಯ ಬಿಲ್ಲೆ ಕಳೆದುಹೋಯಿತೆಂದು ಹೇಳಿ ಹೊಸದು ಪಡೆದವರು ಎಷ್ಟು ಮಂದಿಯೋ. ಹಳೆಯದನ್ನು ಟವೆಲಿನಲ್ಲಿ ಸುತ್ತಿ ಕಂಬಕ್ಕೆ ಕಟ್ಟಿದರೆ ಮುಗಿಯಿತು, ದುರ್ಗದ ಬಿಸಿಲು ಅದನ್ನು ಬೆಚ್ಚಗೆ ಇಟ್ಟುಕೊಳ್ಳುತ್ತಿತ್ತು. ಕಟ್ಟುವುದು ಬಿಚ್ಚುವುದು ತಂಗುದಾಣದ ಬಾಗಿಲಲ್ಲಿ ಚಹಾದಂಗಡಿ ಇಟ್ಟ ಗೌರಕ್ಕನ ಕೆಲಸ. ಇಂಥವರು ಇಷ್ಟು ಹೊತ್ತಿಗೆ ಬರುತ್ತಾರೆ, ಇಂಥದ್ದು ಅವರ ಕಂಬ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅವರವರಲ್ಲೇ ಒಂದು ಕಟ್ಟುನಿಟ್ಟು ಇತ್ತು. ಇನ್ನೊಬ್ಬರ ಟವೆಲ್ ಯಾರೂ ಎತ್ತಬಾರದು. ಯಾರೂ ಎತ್ತುತ್ತಲೂ ಇರಲಿಲ್ಲ.

ಇದು ತಪ್ಪಲ್ಲವೇ, ಲೈಸೆನ್ಸ್ ಹೋದರೆ ಏನು ಗತಿ ಎಂದು ಸೂರಮ್ಮ ಆವತ್ತು ಬೈದಿದ್ದಳು. ಬೈಯುವಾಗಲೇ ಒಳಗೊಳಗೆ ನೆಮ್ಮದಿಯಾಗಿದ್ದೂ ನಿಜ. ದಿನಕ್ಕೆ ನೂರು ಜನರಿಗೆ ಜಾಗವಿಲ್ಲ ಎಂದು ಹೇಳುವವಳಿಗೆ ತನ್ನ ಗಂಡನಿಗೊಂದು ಜಾಗ ಇದೆ ಎಂದರೆ ಹೊಟ್ಟೆ ತಣ್ಣಗಾಗದೆ ಇರುತ್ತದೆಯೇ. ಮೇಲಿನವರಿಗೆ ಅವಳು ತಿಳಿಸಲಿಲ್ಲ. ಆಮೇಲೆ ಹತ್ತಿಬೀಜದವನು ಬಂದ, ಜಾಗ ಕೇಳಿದ, ಹೋದ. ಆ ದಿನ ನಲವತ್ತೊಂದನೇ ಕಂಬಕ್ಕೆ ಟವೆಲ್ ಇತ್ತೇ ಎಂದು ಬೋಸಯ್ಯನನ್ನು ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಕೇಳಿರಲಿಲ್ಲ. ಉತ್ತರ ಗೊತ್ತಿತ್ತು.

ಈ ದಿನ ಬೆಳಿಗ್ಗೆಯೂ ಹಾಗೇ ಆಯಿತು. ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ತುಮಕೂರಿನ ಕಡೆ ಇಳಿಯಬೇಕು, ಮೂರರ ಹೊತ್ತಿಗೆ ಕರೆಕಲ್ಲು ಎಂದು ಬೋಸಯ್ಯ ಗೌರಕ್ಕನಿಗೆ ಫೋನು ಮಾಡುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೆಂಡತಿಯ ಮುಖ ನೋಡಿ, ಯಾಕೆ ಸೂರಿ ಹಿಂಗೆ ಬಾಡಿದೀಯ ಎಂದು ಕೇಳಿದ. ಏನಿಲ್ಲ, ಹುಷಾರಾಗಿ ಹೋಗಿಬನ್ನಿ ಎಂದಳು.

ಮಧ್ಯಾಹ್ನ ಎರಡು ಗಂಟೆಗೆ ಕೊಠಡಿಯಲ್ಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಊಟ ಮುಗಿದು, ಬಿಸಿಲು ನೆತ್ತಿಗೆ ಹತ್ತಿ, ಚಾಲಕರು ಸಾಲುಸಾಲಾಗಿ ಕೆಂಪಾಗುವ ಹೊತ್ತು ಅದು. ಎರಡು ಹತ್ತಕ್ಕೆ ಕರೆಕಲ್ಲಿನ ಎಪ್ಪತ್ತೊಂದು ಚೌಕವೂ ಕಪ್ಪಾಯಿತು. ತಂಗುದಾಣಕ್ಕೆ ಮೊದಲಿನ ರಸ್ತೆಯಂಚಿನಲ್ಲಿ ಐದು ಕಿಲೋಮೀಟರ್ ಉದ್ದಕ್ಕೆ ಲಾರಿಗಳು ಆಗಲೇ ಒಂದರ ಹಿಂದೊಂದು ನಿಂತಿದ್ದವು. ಅಲ್ಲೂ ಸೂಜಿ ಊರಲು ಜಾಗವಿರಲಿಲ್ಲ, ಅದಕ್ಕೂ ಹಿಂದೆ ರಸ್ತೆಗೆ ಅಂಚೇ ಇರಲಿಲ್ಲ.

ಎರಡು ಹನ್ನೆರಡಕ್ಕೆ ಹುಸೇನಪ್ಪ ಕೆಂಪಾದ. ಗಂಗಾವತಿಯವನು, ಐವತ್ತೆಂಟು ವಯಸ್ಸು, ಅಕ್ಕಿಯ ಲೋಡು. ಸೂರಮ್ಮ ಲೆಕ್ಕ ಹಾಕಿದಳು. ತಂಗುದಾಣಕ್ಕೆ ಹನ್ನೆರಡು ಕಿಲೋಮೀಟರ್, ಮೂವತ್ತರ ವೇಗದಲ್ಲಿ ಇಪ್ಪತ್ತನಾಲ್ಕು ನಿಮಿಷ. ಉಳಿಯುವುದು ಹದಿನಾರು. ಹದಿನಾರು ನಿಮಿಷಕ್ಕೆ ಎಂಟು ಕಿಲೋಮೀಟರ್. ಅಂದರೆ ಗೋಡೆರಸ್ತೆ ಮುಗಿಯಲು ಇನ್ನೊಂದು ಕಿಲೋಮೀಟರ್ ಇದೆ ಎನ್ನುವಾಗ ಎಂಜಿನ್ ನಿಲ್ಲುತ್ತದೆ.

ಕೈಕಟ್ಟಿ ಕೂರಲಿಲ್ಲ ಅವಳು. ದಾರಿಯ ಪೆಟ್ರೋಲ್ ಬಂಕಿನವರಿಗೆ ಫೋನು ಮಾಡಿದಳು. ಒಬ್ಬನಿಗೆ ಬಿಟ್ಟರೆ ಹತ್ತು ಜನ ಬರುತ್ತಾರೆ ಎಂದು ಅವರು ಸರಪಳಿ ಬಿಗಿದು ಕೂತಿದ್ದರು. ಒಂದು ಕಲ್ಯಾಣಮಂಟಪದ ಅಂಗಳವಿತ್ತು, ಅಲ್ಲಿ ಆವತ್ತು ಮದುವೆ. ಸರದಿಯಲ್ಲಿ ಹುಸೇನಪ್ಪನಿಗಿಂತ ಮುಂದೆ ಇಪ್ಪತ್ತು ಜನ ಇದ್ದರು. ಅವರೆಲ್ಲ ರಸ್ತೆಯಂಚಿನಲ್ಲಾದರೂ ನಿಂತಿದ್ದರು, ಇವನಿಗೆ ಅದೂ ಇಲ್ಲ. ಅವನ ದನಿಯಲ್ಲಿ ಗಾಬರಿಯೇನೂ ಇರಲಿಲ್ಲ. ನೋಡ್ರಿ ತಂಗೀ, ಇದ್ರ ಹೇಳ್ರಿ, ಇಲ್ಲಾಂದ್ರ ದೇವರು ಅದಾನ ಎಂದ. ಹತ್ತಿಬೀಜದವನೂ ಹೀಗೇ ಸಮಾಧಾನವಾಗಿ ಮಾತಾಡಿದ್ದ.

ಎರಡು ಮೂವತ್ತೊಂದಕ್ಕೆ ಇನ್ನೊಂದು ಚುಕ್ಕೆ ಕೆಂಪಾಯಿತು. ಸೂರಮ್ಮನಿಗೆ ಆ ಲಾರಿಯ ನಂಬರು ಓದಬೇಕಾಗಿರಲಿಲ್ಲ. ಬೋಸಯ್ಯ ಕರೆಕಲ್ಲಿನಿಂದ ಹನ್ನೆರಡು ಕಿಲೋಮೀಟರ್ ಹಿಂದೆ ಇದ್ದ. ಜಾಗ ಕೊಡಿ ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯ ಅವನಿಗಿರಲಿಲ್ಲವಲ್ಲ.

ನಲವತ್ತೊಂದನೇ ಚೌಕ ಕಪ್ಪಾಗಿ ಕೂತಿದೆ, ಅದರ ಕೆಳಗೆ ನೆಲ ಖಾಲಿ ಬಿದ್ದಿದೆ. ಹುಸೇನಪ್ಪನಿಗೆ ಕೊಟ್ಟರೆ ಗಂಡನಿಗಿಲ್ಲ. ಗಂಡನಿಗೆ ಇಟ್ಟರೆ ಹುಸೇನಪ್ಪ ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಪರದೆ ನೋಡಿದರೆ ಹುಸೇನಪ್ಪ ತಂಗುದಾಣದ ಬಾಗಿಲಿಗೆ ಬಂದುಬಿಟ್ಟಿದ್ದ. ಹತ್ತಿಬೀಜದವನನ್ನು ಕಳಿಸಿದ ಹಾಗೆ ಇವನನ್ನೂ ಕಳಿಸಲು ಅವಳಿಂದ ಆಗಲಿಲ್ಲ.

“ಅಣ್ಣಾ, ಒಳಗೆ ಹೋಗಿ. ನಲವತ್ತೊಂದನೇ ಜಾಗ ಖಾಲಿ ಇದೆ. ಅಲ್ಲಿ ನಿಲ್ಲಿಸಿ.”

ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಕೊಠಡಿಯ ಮೇಲ್ವಿಚಾರಕ ಪ್ರಹ್ಲಾದ ಕಟ್ಟಿಯವರು ಎದ್ದು ಬಂದು ಅವಳ ಪರದೆಯನ್ನೇ ನೋಡುತ್ತ ನಿಂತರು. ಧಾರವಾಡದವರು, ಬಿಲ್ಲೆ ತಯಾರಿಸಿದ ತಂಡದಲ್ಲಿ ಇದ್ದವರು, ಮಾತು ಕಡಿಮೆ. ಅಲ್ಲಿ ಭರ್ತಿ ಎಂದು ತೋರಿಸುತ್ತಿದೆಯಲ್ಲ ಎಂದರು. ಸೂರಮ್ಮ ತಿರುಗಿ ನೋಡಲಿಲ್ಲ.

ಒಂದು ನಿಮಿಷ ಕಳೆಯಿತು. ಹುಸೇನಪ್ಪನ ಚುಕ್ಕೆ ನಲವತ್ತೊಂದರ ಹತ್ತಿರ ಹೋಗಿ ನಿಂತಿತು, ಒಳಗೆ ಸೇರಲಿಲ್ಲ. ಆಮೇಲೆ ಮೆಲ್ಲಗೆ ಹಿಂದೆ ಸರಿಯತೊಡಗಿತು.

“ತಂಗೀ, ಇಲ್ಲಿ ಟವಲ್ ಹಾಕ್ಯಾರ. ಮಂದಿ ಹಾಕಿದ ಟವಲ್ ನಾ ಎತ್ತಂಗಿಲ್ಲ. ಮುಂದ ಹೋಗ್ತೀನಿ ಬಿಡ್ರಿ.”

ಇದಕ್ಕೇನು ಹೇಳುತ್ತೀರಿ. ಹದಿನಾಲ್ಕು ನಿಮಿಷ ಉಳಿದಿದೆ, ಮುಂದೆ ಸಾವಿನ ದಾರಿ, ಎದುರಿಗೆ ಖಾಲಿ ಜಾಗ. ಮನುಷ್ಯ ಒಂದು ಹಳೆಯ ಟವೆಲಿಗೆ ಮರ್ಯಾದೆ ಕೊಟ್ಟು ಗೇರು ಬದಲಿಸುತ್ತಿದ್ದಾನೆ. ಸೂರಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಎತ್ತಿ ಎಂದರೆ ಅವನು ಎತ್ತುವವನಲ್ಲ. ಎತ್ತಲು ಹೇಳುವ ಹಕ್ಕು ಟವೆಲಿನ ಯಜಮಾನನಿಗೆ, ಇಲ್ಲದಿದ್ದರೆ ಅವನ ಮನೆಯವರಿಗೆ. ಅವಳ ಮಾತೆಲ್ಲ ದಾಖಲಾಗುತ್ತಿತ್ತು, ಕಟ್ಟಿಯವರು ಬೆನ್ನ ಹಿಂದೆಯೇ ಇದ್ದರು.

“ಅದು ನಮ್ಮನೆಯವರ ಟವೆಲ್ ಅಣ್ಣಾ. ನಾನು ಅವರ ಹೆಂಡತಿ ಹೇಳ್ತಾ ಇದೀನಿ. ಎತ್ತಿ ನಿಲ್ಲಿಸಿ.”

ಹುಸೇನಪ್ಪ ಕೇಳಿದ.

“ಹಂಗಾದ್ರ ಅವರು ಬಂದ್ರ ಎಲ್ಲಿ ನಿಂದ್ರಸ್ತಾರವಾ?”

ಅದನ್ನು ನನಗೆ ಬಿಡಿ ಎಂದಳು ಸೂರಮ್ಮ. ಅವನು ಟವೆಲ್ ಎತ್ತಿ ಲಾರಿ ಒಳಗೆ ತಂದ. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಸುಳ್ಳಿಗೆ ಕಪ್ಪಾಗಿದ್ದ ಚೌಕ ಈಗ ನಿಜಕ್ಕೆ ಕಪ್ಪಾಗಿತ್ತು, ಅಷ್ಟೇ.

ಕಟ್ಟಿಯವರು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಇಂಥ ಟವೆಲ್ ಎಷ್ಟಿವೆ ಎಂದರು. ಗೊತ್ತಿಲ್ಲ, ಹತ್ತಿಪ್ಪತ್ತು ಇರಬಹುದು ಎಂದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬಾಗಿಲು ಮುಚ್ಚಿದೆಯೇ ಎಂದು ನೋಡಿ ದನಿ ತಗ್ಗಿಸಿದರು.

ಸೋಮವಾರ ರಾಜಧಾನಿಯಲ್ಲಿ ಸಭೆ ಇತ್ತು. ಈ ರಸ್ತೆಗೆ ಇನ್ನೂ ನಾಲ್ಕು ತಂಗುದಾಣ ಬೇಕೆಂದು ಕಟ್ಟಿಯವರು ಎರಡು ವರ್ಷದಿಂದ ಕಾಗದ ಬರೆದು ಬರೆದು ಕಡೆಗೂ ಅಲ್ಲಿಗೆ ಮುಟ್ಟಿಸಿದ್ದರು. ಇರುವ ತಂಗುದಾಣಗಳು ಮಧ್ಯಾಹ್ನ ಪೂರ್ತಿ ತುಂಬಿರುತ್ತವೆ ಎಂಬುದೊಂದೇ ಅವರ ಕೈಯಲ್ಲಿದ್ದ ಸಾಕ್ಷಿ. ಕಂಬಗಳು ಸುಳ್ಳು ಹೇಳುತ್ತಿವೆ ಎಂದು ಹೊರಗೆ ಬಂದರೆ ಕತೆ ಮುಗಿಯಿತು. ಜಾಗದ ಕೊರತೆಯೇ ಇಲ್ಲ, ಚಾಲಕರೇ ಕಳ್ಳರು ಎಂದು ಕಡತ ಮುಚ್ಚುತ್ತಾರೆ.

“ಸೂರಮ್ಮನವರ, ನೀವು ಈಗ ಹೇಳಿದ್ದು ದಾಖಲೆಯೊಳಗ ಅದ. ಅದನ್ನ ನಾ ಹೆಂಗಾರ ನೋಡ್ಕೋತೀನಿ. ಇನ್ನು ಮುಂದ ಒಂದು ಮಾತು ಆಡಬ್ಯಾಡ್ರಿ. ನಾಲ್ಕು ತಂಗುದಾಣ ಬಂದ್ರ ಎಷ್ಟು ಜೀವ ಉಳೀತಾವ, ವಿಚಾರ ಮಾಡ್ರಿ.”

ಅವರು ಹೇಳಿದ್ದು ಸುಳ್ಳಲ್ಲ. ಅದೇ ಅವಳ ಸಂಕಟ. ಆದರೆ ಪರದೆಯ ಮೇಲೆ ಬೋಸಯ್ಯನ ಚುಕ್ಕೆ ತೆವಳುತ್ತ ಬರುತ್ತಿತ್ತು, ಇಪ್ಪತ್ತೆಂಟು ನಿಮಿಷ ಉಳಿದಿತ್ತು. ಅವನ ಹಿಂದೆ ಇನ್ನೂ ಹದಿನಾಲ್ಕು ಕೆಂಪು ಚುಕ್ಕೆ. ಮುಂದೆ ಬರುವ ಜೀವಗಳನ್ನು ಉಳಿಸಲು ಈ ಹೊತ್ತು ಇವರನ್ನೆಲ್ಲ ಗೋಡೆಗಳ ನಡುವೆ ಕಳಿಸಬೇಕೇ ಎಂದು ಕೇಳಿದಳು. ಕಟ್ಟಿಯವರು ಕನ್ನಡಕ ತೆಗೆದು ಒರೆಸಿದರು.

ಸೂರಮ್ಮ ಎಲ್ಲರಿಗೂ ಒಟ್ಟಿಗೆ ಕೇಳಿಸುವ ಗುಂಡಿ ಒತ್ತಿದಳು. ಆ ಗುಂಡಿ ಇದ್ದದ್ದು ಬೆಂಕಿ ಬಿದ್ದಾಗ, ಸೇತುವೆ ಕುಸಿದಾಗ ಬಳಸಲು. ಅರವತ್ತು ಕಿಲೋಮೀಟರ್ ಉದ್ದಕ್ಕೂ ಪ್ರತಿ ಲಾರಿಯಲ್ಲಿ, ತಂಗುದಾಣದ ಮೈಕಿನಲ್ಲಿ ಅವಳ ದನಿ ಮೊಳಗಿತು.

“ಕರೆಕಲ್ಲಿನಲ್ಲಿ ಟವೆಲ್ ಹಾಕಿಸಿರೋರು ಕೇಳಿ. ನಲವತ್ತೊಂದರ ಬೋಸಯ್ಯನ ಹೆಂಡತಿ ನಾನು. ಹೋದ ತಿಂಗಳು ಹತ್ತಿಬೀಜದ ಲಾರಿಯವರು ಜಾಗ ಕೇಳಿದಾಗ ನನಗೆ ಗೊತ್ತಿದ್ದೂ ಸುಮ್ಮನಿದ್ದೆ. ಅವರು ಸತ್ತೋದ್ರು. ಇವತ್ತು ನಮ್ಮ ಟವೆಲ್ ಎತ್ತಿಸಿದೀನಿ. ಗೌರಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಾನೂ ಎತ್ತಿಬಿಡಿ.”

ಎರಡು ನಿಮಿಷ ಏನೂ ಆಗಲಿಲ್ಲ. ಪಕ್ಕದ ಮೇಜಿನವರೆಲ್ಲ ಎದ್ದು ಬಂದು ಅವಳ ಸುತ್ತ ನಿಂತಿದ್ದರು. ಆಗ ಹದಿನೇಳನೇ ಚೌಕ ಬಿಳಿಯಾಯಿತು. ಅದರ ಹಿಂದೆ ಇಪ್ಪತ್ತು, ಇಪ್ಪತ್ತಾರು, ಮೂವತ್ತು. ಗೌರಕ್ಕ ಚಹಾದ ಒಲೆ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬದಿಂದ ಕಂಬಕ್ಕೆ ಓಡುತ್ತಿದ್ದಾಳೆಂದು ಪರದೆ ನೋಡಿದರೇ ತಿಳಿಯುತ್ತಿತ್ತು. ಐದಾರು ನಿಮಿಷದಲ್ಲಿ ಹತ್ತೊಂಬತ್ತು ಚೌಕ ಬಿಳಿಯಾದವು. ಸೂರಮ್ಮ ಮೊದಲ ಬಾರಿಗೆ ಉಸಿರು ಬಿಟ್ಟಳು.

ಬಿಟ್ಟ ಉಸಿರು ಒಳಗೆ ಬರುವ ಮೊದಲೇ ಯಂತ್ರ ತನ್ನ ಕೆಲಸ ಮಾಡಿತ್ತು. ಖಾಲಿ ಕಂಡ ಕೂಡಲೇ ಸರದಿಯಂತೆ ಹಂಚಿತು. ಮೊದಲು ಕೆಂಪಾದವರಿಗೆ ಮೊದಲು. ರಸ್ತೆಯಂಚಿನಲ್ಲಿ ಕಾದಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು, ಹತ್ತೊಂಬತ್ತೂ ಮತ್ತೆ ಕಪ್ಪಾದವು. ಸರದಿಯಲ್ಲಿ ಬೋಸಯ್ಯನದು ಇಪ್ಪತ್ತೇಳನೆಯ ಸ್ಥಾನ.

ಯಂತ್ರ ಮೋಸ ಮಾಡಲಿಲ್ಲ. ಹೊಟ್ಟೆಯುರಿ ಏನೆಂದರೆ ಅದೇ. ಅವಳೇ ಟವೆಲ್ ಎತ್ತಿಸಿದ ಜಾಗಗಳಲ್ಲಿ ಒಂದೂ ಅವಳ ಗಂಡನಿಗೆ ಬರಲಿಲ್ಲ. ಒಳಗೆ ಹೋದವರು ಬಿಟ್ಟ ರಸ್ತೆಯಂಚಿಗೆ ನುಗ್ಗೋಣವೆಂದರೆ ಹಿಂದಿನ ಕೆಂಪು ಲಾರಿಗಳು ಆಗಲೇ ನುಗ್ಗಿದ್ದವು, ಬೋಸಯ್ಯ ಅದನ್ನು ದಾಟಿ ಬಂದಿದ್ದ. ನೋಡಿ ಸಾರ್ ಎಂದು ಅವಳು ಕಟ್ಟಿಯವರಿಗೆ ಪರದೆ ತೋರಿಸಿದಳು. ಎಲ್ಲ ಟವೆಲ್ ಎತ್ತಿದ ಮೇಲೂ ಮೂರು ನಿಮಿಷ ಹಿಡಿಯಲಿಲ್ಲ ತುಂಬಲು, ಇನ್ನೂ ಇಪ್ಪತ್ತಕ್ಕೂ ಹೆಚ್ಚು ಜನ ಹೊರಗಿದ್ದಾರೆ, ಸೋಮವಾರ ಹೋಗಿ ಇದನ್ನೇ ಹೇಳಿ ಎಂದಳು.

ಎರಡು ಐವತ್ತೈದಕ್ಕೆ ಬೋಸಯ್ಯನ ಲಾರಿ ಕರೆಕಲ್ಲಿನ ಬಾಗಿಲ ಮುಂದೆ ಹಾದುಹೋಯಿತು. ಸೂರಮ್ಮ ಅವನೊಬ್ಬನಿಗೆ ಕೇಳಿಸುವಂತೆ ಗುಂಡಿ ಒತ್ತಿದಳು. ಅವನೇ ಮೊದಲು ಮಾತಾಡಿದ.

“ಎಲ್ಲಾ ಕೇಳಿಸ್ಕಂಡೆ ಕಣೆ ಸೂರಿ. ಒಳ್ಳೇದೇ ಮಾಡ್ದೆ. ಆವತ್ತು ನಾನೂ ಟವೆಲ್ ಹಾಕ್ಸಿದ್ದೆ, ನಿಂಗೆ ಹೇಳಕ್ಕೆ ಬಾಯಿ ಬರ್ಲಿಲ್ಲ.”

ಅವಳು ಬಿಕ್ಕಿದಳು. ನಿದ್ದೆ ಬರುತ್ತಿದೆಯೇ ಎಂದು ಕೇಳಿದಳು. ಇನ್ನೂ ಇಲ್ಲ, ಕಣ್ಣು ಸ್ವಲ್ಪ ಉರಿ ಎಂದ. ಗೋಡೆ ಶುರುವಾಯಿತು ಎಂದ. ಎಂಜಿನ್ನಿನ ಗೊರಗೊರ ಸದ್ದು ಕೊಠಡಿ ತುಂಬಿತ್ತು, ನಡುವೆ ಹಿಂದಿನಿಂದ ಯಾವುದೋ ಬಸ್ಸಿನ ಹಾರ್ನು. ಸೂರಮ್ಮ ನಿಮಿಷ ಎಣಿಸುತ್ತಿದ್ದಳು. ಹನ್ನೆರಡು. ಹತ್ತು. ಹೈವೇ ಪೊಲೀಸರಿಗೆ, ಆಂಬುಲೆನ್ಸಿಗೆ ಪಕ್ಕದ ಮೇಜಿನವಳು ಆಗಲೇ ಹೇಳಿದ್ದಳು. ಹೇಳಿ ಏನು ಫಲ, ಹತ್ತಿಬೀಜದವನ ಹತ್ತಿರ ಅವರು ಹೋಗಿ ಸೇರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು.

ಏಳು ನಿಮಿಷ ಉಳಿದಾಗ ಬೋಸಯ್ಯನ ದನಿ ಮತ್ತೆ ಬಂತು. ಎಡಗಡೆ ಗೋಡೆಯಲ್ಲಿ ಕುರಿ ದಾಟಿಸಲು ಬಿಟ್ಟ ಸಂದಿಯೊಂದು ಇದೆಯಂತೆ, ಅಡ್ಡಕ್ಕೆ ಒಂದು ಕಬ್ಬಿಣದ ಕಂಬಿ ಮಾತ್ರ. ಆಚೆಗೆ ಗೋಮಾಳ, ಗಟ್ಟಿ ನೆಲ. ಅಪ್ಪನ ಜೊತೆ ಕುರಿ ಹೊಡೆದುಕೊಂಡು ಬಂದು ಅಲ್ಲಿ ತಿಂಗಳುಗಟ್ಟಲೆ ಮಂದೆ ಹಾಕಿದ್ದುಂಟಂತೆ. ಲಾರಿ ಹಿಡಿಸುತ್ತದೆಯೇ ಎಂದು ಸೂರಮ್ಮ ಕೇಳಿದಳು. ಕನ್ನಡಿ ಮಡಚಿದರೆ ಹಿಡಿಸಬಹುದು, ಆದರೆ ಇಳಿಜಾರು ಜಾಸ್ತಿ, ಜೋಳದ ಭಾರ ಒಂದು ಕಡೆಗೆ ವಾಲಿದರೆ ಮಗುಚುತ್ತದೆ ಎಂದ.

ರಸ್ತೆ ಬಿಟ್ಟು ಇಳಿದರೆ ಲೈಸೆನ್ಸ್ ಖಾಯಂ ರದ್ದು. ಅದು ಇಬ್ಬರಿಗೂ ಗೊತ್ತಿತ್ತು. ಕಟ್ಟಿಯವರಿಗೂ ಗೊತ್ತಿತ್ತು. ಇಳೀರಿ ಎಂದಳು ಸೂರಮ್ಮ.

ಬೋಸಯ್ಯನ ಚುಕ್ಕೆ ರಸ್ತೆಯ ಗೆರೆಯನ್ನು ಬಿಟ್ಟಿತು. ಪರದೆಯ ಮೇಲೆ ಎಚ್ಚರಿಕೆಯ ಪಟ್ಟಿ ಮಿನುಗಿತು, ಎಲ್ಲೋ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಕರ್ಕಶ ಸದ್ದು ಬಂತು. ಆಮೇಲೆ ಮೂಟೆಗಳು ಜರುಗಿದ ಸದ್ದು. ಆಮೇಲೆ ದನಿಯ ಸಂಪರ್ಕ ಕಡಿದುಹೋಯಿತು.

ಸೂರಮ್ಮ ಕರೆದಳು. ಮತ್ತೆ ಕರೆದಳು. ಮನೆಯಲ್ಲಿ ಗಂಡನನ್ನು ಎಂದೂ ಹೆಸರು ಹಿಡಿದು ಕರೆಯದವಳು ಬೋಸಯ್ಯಾ ಎಂದು ಕೂಗಿದಳು. ಚುಕ್ಕೆ ರಸ್ತೆಯಿಂದ ಅರವತ್ತು ಅಡಿ ಆಚೆ, ನಕ್ಷೆಯಲ್ಲಿ ಏನೂ ಇಲ್ಲದ ಕಡೆ, ಅಲುಗಾಡದೆ ನಿಂತಿತ್ತು. ಒಂದು ನಿಮಿಷ. ಎರಡು. ಮಗುಚಿದ್ದರೂ ಚುಕ್ಕೆ ಹೀಗೇ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಟ್ಟಿಯವರು ಅವಳ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

ನಾಲ್ಕನೇ ನಿಮಿಷಕ್ಕೆ ಕೆಂಪು ಚುಕ್ಕೆ ನೀಲಿಯಾಯಿತು.

ನೀಲಿ ಎಂದರೆ ನಿದ್ದೆ. ಬಿಲ್ಲೆ ಹಾಕಿಕೊಂಡ ಮನುಷ್ಯ ಉಸಿರಾಡುತ್ತಿದ್ದಾನೆ, ಮಲಗಿದ್ದಾನೆ ಎಂದರ್ಥ. ತಲುಪಿದೆ ಎಂದು ಹೇಳಲೂ ಪುರುಸೊತ್ತಿಲ್ಲದೆ ಮಲಗಿಬಿಟ್ಟಿದ್ದ ಪುಣ್ಯಾತ್ಮ. ಸೂರಮ್ಮ ಮೇಜಿನ ಮೇಲೆ ತಲೆಯಿಟ್ಟು ಎಲ್ಲರ ಎದುರಿಗೇ ಅತ್ತಳು. ನಾಚಿಕೆ ಅನ್ನಿಸಲಿಲ್ಲ.

ಅತ್ತು ಮುಗಿದ ಮೇಲೆ ಕಟ್ಟಿಯವರು ಮೆಲ್ಲಗೆ ಹೇಳಿದರು. ಇನ್ನು ಅವಳು ಈ ಕುರ್ಚಿಯಲ್ಲಿ ಕೂರುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಅಮಾನತು, ಅದು ಅವರ ಕೈಯಲ್ಲಿಲ್ಲ. ಸೂರಮ್ಮ ತಲೆಯಾಡಿಸಿ ಕಿವಿಯ ಯಂತ್ರ ತೆಗೆದು ಅವರ ಕೈಗೆ ಕೊಟ್ಟಳು. ಬದಲಿಗೆ ಕೂರಿಸಲು ಯಾರೂ ಇರಲಿಲ್ಲ, ಉಳಿದ ಮೇಜುಗಳಲ್ಲೂ ಅದೇ ಗಲಾಟೆ. ಕಟ್ಟಿಯವರೇ ಕೂತರು. ಮೂರು ವರ್ಷದಲ್ಲಿ ಬಿಲ್ಲೆಯ ಸಾವಿರಾರು ಅಂಕಿ ಓದಿದ್ದ ಅವರು ಒಬ್ಬ ಚಾಲಕನೊಂದಿಗೂ ನೇರವಾಗಿ ಮಾತಾಡಿದವರಲ್ಲ.

ಮೊದಲ ಕರೆ ಆಗಲೇ ಕಾಯುತ್ತಿತ್ತು. ಹರಪನಹಳ್ಳಿ ಕಡೆಯವನಂತೆ, ಗೋಡೆರಸ್ತೆಯೊಳಗೆ ಬಂದಾಗಿದೆ, ಹನ್ನೊಂದು ನಿಮಿಷ ಉಳಿದಿದೆ. ಕ್ಷಮಿಸಿ, ಭರ್ತಿಯಾಗಿದೆ ಎಂದು ಹೇಳಬೇಕೆಂದು ಮೇಜಿನ ಮೇಲಿನ ಕಾಗದದಲ್ಲಿ ಬರೆದಿತ್ತು. ಕಟ್ಟಿಯವರು ಕ್ಷಮಿಸಿ ಎಂದರು, ಅಲ್ಲಿಗೆ ನಿಲ್ಲಿಸಿದರು. ಸೂರಮ್ಮ ಅವರ ಹಿಂದೆ ಸುಮ್ಮನೆ ನಿಂತಿದ್ದಳು. ಅವಳು ಹೇಳುವುದನ್ನೆಲ್ಲ ಹೇಳಿಯಾಗಿತ್ತು.

ಆ ಕಡೆಯವನಿಗೆ ಕಾಯುವಷ್ಟು ವ್ಯವಧಾನವಿರಲಿಲ್ಲ. ಒಂದು ಲಾರಿ ನಿಂತಿದ್ದ ಕಡೆ ಇನ್ನೊಂದು ಲಾರಿಯವನು ನಿಲ್ಲಿಸುವುದು ಈ ರಸ್ತೆಯ ಬಹಳ ಹಳೆಯ ರೂಢಿ, ಬಿಲ್ಲೆಗಿಂತಲೂ ಹಳೆಯದು.

“ಸಾರ್, ನಮ್ ಲಾರಿ ಪರದೇಲಿ ಮುಂದೆ ಗೋಡೆ ಆಚೆ ಒಂದ್ ಲಾರಿ ನಿಂತಂಗೆ ತೋರಿಸ್ತೈತೆ. ಅಲ್ಲಿ ನಾನೂ ನಿಲ್ಲಿಸ್ಲಾ?”

ಸರಿ ಎಂದರೆ ಅದು ದಾಖಲೆಯಲ್ಲಿ ಕೂರುತ್ತದೆ. ಲಾರಿ ಮಗುಚಿದರೆ ಅವರೇ ಹೊಣೆ, ಮಗುಚದಿದ್ದರೂ ಅವರೇ ಹೊಣೆ. ಕಟ್ಟಿಯವರು ನೀಲಿ ಚುಕ್ಕೆಯನ್ನು ನೋಡಿದರು, ಅದರತ್ತ ಬರುತ್ತಿದ್ದ ಕೆಂಪು ಚುಕ್ಕೆಗಳ ಸಾಲನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡರು.

“ನಿಲ್ಲಸ್ರಿ. ಕನ್ನಡಿ ಮಡಚಿ ಸಾವಕಾಶ ಇಳಸ್ರಿ. ಹಾರ್ನ್ ಮಾತ್ರ ಹೊಡೀಬ್ಯಾಡ್ರಿ, ಅಲ್ಲೊಬ್ಬರು ಮಲಗ್ಯಾರ.”